ಓದುಗರ ಸ್ಪಂದನ: ಸೂಜಿ ಬಿಡಲೇ, ಬಣ್ಣ ಬಿಡಲೇ?

ಕಳೆದ ಸಂಚಿಕೆಯಲ್ಲಿ ರಂಗನಟಿಯೊಬ್ಬರ ಪತ್ರ ಹಾಕಿದ್ದೆವು. ಓದದೇ ಇದ್ದವರಿಗಾಗಿ ಚುಟುಕಾಗಿ ಹೇಳುತ್ತೇವೆ. ಅವರು 14 ವರ್ಷದಿಂದ ಒಂದೇ ತಂಡದಲ್ಲಿದ್ದಾರೆ. ಸೇರಿದ್ದು ನಟಿಯಾಗಿ. ಎರಡನೇ ವರ್ಷ, ಪರದೆ ಏಳಲು ಹತ್ತು ನಿಮಿಷ ಇರುವಾಗ ಯಾರದೋ ರವಿಕೆಯ ಹುಕ್ಕು ಕಿತ್ತುಬಂತು, ಇವರು ಸೂಜಿ ಹಿಡಿದರು. ಆ ಸೂಜಿ ಇನ್ನೂ ಕೈಯಿಂದ ಇಳಿದಿಲ್ಲ. ಅಳತೆ ತೆಗೆಯುವುದು, ಕತ್ತರಿಸುವುದು, ಹೊಲಿಯುವುದು, ಒಗೆಯುವುದು, ಇಸ್ತ್ರಿ ಮಾಡುವುದು ಎಲ್ಲ ಇವರದೇ. ಸಂಭಾವನೆ ಮಾತ್ರ ನಟನೆಗೆ. ಪಾತ್ರಗಳು ವರ್ಷ ವರ್ಷ ಸಣ್ಣದಾಗುತ್ತಿವೆ, ಯಾಕೆಂದರೆ ಇವರಿಗೆ ದೊಡ್ಡ ಪಾತ್ರ ಕೊಟ್ಟರೆ ಹೊಲಿಯುವವರು ಯಾರು? ಹೊಸ ನಾಟಕಕ್ಕೆ ನಿರ್ದೇಶಕರು ಹೀಗೆ ಹೇಳಿದ್ದಾರೆ: ‘ಈ ಸಲ ಉಡುಪು ಮಾತ್ರ ನೋಡಿಕೊಳ್ಳಿ. ಪಾತ್ರ ಯಾರು ಬೇಕಾದರೂ ಮಾಡುತ್ತಾರೆ, ಈ ಕೆಲಸ ನಿಮ್ಮ ಹಾಗೆ ಯಾರೂ ಮಾಡುವುದಿಲ್ಲ.’ ಇದು ಹೊಗಳಿಕೆಯಾ, ಹೊರಗೆ ಹಾಕಿದ್ದಾ ಗೊತ್ತಾಗುತ್ತಿಲ್ಲ ಎಂದು ಅವರು ಬರೆದಿದ್ದರು. ನಡುವೆ ರಾತ್ರಿ ಎರಡರವರೆಗೆ ಮಷೀನು ಓಡುವುದರಿಂದ ಮಗನಿಗೆ ನಿದ್ದೆಯಿಲ್ಲ ಎಂದೂ, ಒಂದು ಮಖಮಲ್ ಕೋಟಿನ ಬೆವರು ವಾಸನೆ ಏನು ಮಾಡಿದರೂ ಹೋಗುತ್ತಿಲ್ಲ ಎಂದೂ ಇತ್ತು. ಕೇಳಿದ್ದು ಮಾತ್ರ ಒಂದೇ: ಸೂಜಿ ಬಿಡಲೇ, ಬಣ್ಣ ಬಿಡಲೇ?

ಬಂದ ಪತ್ರಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಎಲ್ಲವನ್ನೂ ಹಾಕಲು ಆಗಿಲ್ಲ, ಹಾಕಿದ ಕೆಲವನ್ನು ಚಿಕ್ಕದು ಮಾಡಿದ್ದೇವೆ. ಒಂದನ್ನು ಮಾತ್ರ ಮುಟ್ಟಿಲ್ಲ. ಹಣದ ಮಾತನ್ನು ಸುಮಾರು ಜನ ಅಳುಕುತ್ತಲೇ ಎತ್ತಿದ್ದಾರೆ. ಅಳುಕದೆ ಎತ್ತಿದವರ ಪತ್ರ ಮೊದಲು.

*

ಅಕ್ಕಾ, ನಾನು 11 ವರ್ಷ ರಂಗ ನಿರ್ವಹಣೆ ಮಾಡಿದವನು. ನಿಮ್ಮ ಪತ್ರ ಓದಿದ ಕೂಡಲೇ ನನಗೆ ಕಂಡದ್ದು ಇದು. ಎರಡು ಕೆಲಸ ಒಂದೇ ಸಂಭಾವನೆಯೊಳಗೆ ಸೇರಿಹೋಗಿದೆ. ಯಾವುದನ್ನು ಬಿಡುವುದು ಅನ್ನುವುದು ಆಮೇಲಿನ ಮಾತು, ಮೊದಲು ಎರಡನ್ನೂ ಬೇರೆ ಬೇರೆ ಮಾಡಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಳತೆ ತೆಗೆದ ದಿನದಿಂದ ಗಂಟೆ ಬರೆಯಿರಿ. ನಮ್ಮ ತಂಡದಲ್ಲಿ ಉಡುಪು ಮಾಡುತ್ತಿದ್ದವರಿಂದ ನಾನೇ ಇದನ್ನು ಬರೆಸಿದ್ದೆ. ಅವರೂ ನಟಿಯೇ. ಒಂಬತ್ತು ಜನರ ನಾಟಕ, 17 ಉಡುಪು. ಬಟ್ಟೆಗಾಗಿ ಓಡಾಟ, ಕಟಿಂಗು, ಕಚ್ಚಾ ಹೊಲಿಗೆ, ಮೊದಲ ಫಿಟಿಂಗು, ಬಿಚ್ಚಿ ಮತ್ತೆ ಹೊಲಿಯುವುದು, ಅಸ್ತರು, ಕಾಜ, ಗುಂಡಿ, ನಡುವೆ ನಿರ್ದೇಶಕರು ಮನಸ್ಸು ಬದಲಿಸಿದ್ದಕ್ಕೆ ಹೊಸದಾಗಿ ಎರಡು ಉಡುಪು. ಮೊದಲ ಪ್ರದರ್ಶನದ ಹೊತ್ತಿಗೆ ಒಟ್ಟು 212 ಗಂಟೆ. ಅದೇ ನಾಟಕದಲ್ಲಿ ಅವರ ಪಾತ್ರದ ತಾಲೀಮು 60 ಗಂಟೆ ದಾಟಿರಲಿಲ್ಲ. ಅವರಿಗೆ ದುಡ್ಡು ಬಂದದ್ದು ಆ 60 ಗಂಟೆಗೆ. ಆ ಪುಟವನ್ನು ತಂಡದ ಸಭೆಯಲ್ಲಿ ಓದಿದಾಗ ಯಾರ ಬಾಯಿಂದಲೂ ಮಾತು ಬರಲಿಲ್ಲ. ಯಾರದೂ ಕೆಟ್ಟ ಮನಸ್ಸಲ್ಲ. ಲೆಕ್ಕ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡ ರಂಗಮಂದಿರಗಳಲ್ಲಿ ಇದು ಒಬ್ಬರ ಕೆಲಸವೇ ಅಲ್ಲ. ವಿನ್ಯಾಸ ಮಾಡುವವರು ಒಬ್ಬರು, ಕತ್ತರಿ ಹಿಡಿಯುವವರು ಇನ್ನೊಬ್ಬರು, ಹೊಲಿಯುವವರು ಬೇರೆ, ಪ್ರದರ್ಶನದ ಹೊತ್ತಿಗೆ ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ನಿಂತು ಉಡಿಸುವವರು ಬೇರೆ, ಒಗೆದು ಇಸ್ತ್ರಿ ಮಾಡುವವರು ಬೇರೆ. ನೀವು ಆ ಐದೂ ಜನ ಆಗಿ, ಮೇಲೆ ನಟಿಯೂ ಆಗಿದ್ದೀರಿ. ಹಾಗಾಗಿ ಕೇಳಬೇಕಾದ್ದು ಮೂರು. ಹೊಲಿಗೆಗೆ ಬೇರೆ ಸಂಭಾವನೆ. ಕರಪತ್ರದಲ್ಲಿ ‘ಉಡುಪು’ ಎಂದು ನಿಮ್ಮ ಹೆಸರು. ನೀವು ರಂಗದ ಮೇಲಿರುವ ರಾತ್ರಿ ಗ್ರೀನ್ ರೂಮಿನಲ್ಲಿ ಇನ್ನೊಂದು ಜೊತೆ ಕೈ. ಬಟ್ಟೆಗೆ ಕತ್ತರಿ ಬೀಳುವ ಮುಂಚೆಯೇ ಕೇಳಿ. ಅರ್ಧ ಹೊಲಿದ ಮೇಲೆ ಕೇಳಿದರೆ ಅದು ಬೆದರಿಕೆ ಥರ ಕೇಳಿಸುತ್ತದೆ, ನಿಮಗೂ ಹೇಳಲು ಬಾಯಿ ಬರುವುದಿಲ್ಲ.

ಒಬ್ಬ ರಂಗ ನಿರ್ವಾಹಕ

*

ಹದಿನಾಲ್ಕು ವರ್ಷ ಒಂದು ಸಲವೂ ‘ಆಗಲ್ಲ’ ಅನ್ನದೆ, ಈಗ ಊರವರನ್ನೆಲ್ಲ ಕೇಳಿದರೆ? ನಿಮ್ಮ ಕೈಕಾಲು ಯಾರೂ ಕಟ್ಟಿಹಾಕಿರಲಿಲ್ಲ. ನಿರ್ದೇಶಕರಿಗೆ ಹೇಳಬೇಕಾದದ್ದನ್ನು ನಮಗೆ ಹೇಳುತ್ತಿದ್ದೀರಿ. ಹೋಗಿ ಅವರಿಗೇ ಹೇಳಿ.

ಓದುಗರೊಬ್ಬರು

*

ಮಾತು ಖಾರವಾಗಿದೆ. ಕೊನೆಯ ಸಾಲನ್ನು ಮಾತ್ರ ನಾವೂ ಎರಡು ಸಲ ಓದಿದೆವು. ‘ಆಗಲ್ಲ’ ಅನ್ನುವುದು ಯಾಕೆ ಅಷ್ಟು ಸುಲಭವಲ್ಲ ಎಂಬುದು ಮುಂದಿನ ಪತ್ರದಲ್ಲಿದೆ. ನಾವು ಮುಟ್ಟಿಲ್ಲ ಎಂದದ್ದು ಇದನ್ನೇ.

*

ತಂಗೀ, ನೀನು ಎಂದೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನನಗೆ 61. ನಿನ್ನ ಪತ್ರ ಓದಿ ಪಕ್ಕಕ್ಕಿಟ್ಟೆ. ಮಧ್ಯಾಹ್ನ ಮತ್ತೆ ತೆಗೆದು ಓದಿದೆ. ರಾತ್ರಿ ಮಲಗಿದರೆ ಆ ಒಂದು ಮಾತು ತಲೆಯಿಂದ ಹೋಗಲೇ ಇಲ್ಲ, ‘ಈ ಸಲ ಉಡುಪು ಮಾತ್ರ’. ನನಗೂ ಇದೇ ಮಾತನ್ನು ಒಬ್ಬರು ಹೇಳಿದ್ದರು. 27 ವರ್ಷ ಆಯಿತು. ‘ಈ ಸಲ’ ಅಂದಿದ್ದರು. ಆ ಸಲ ಇನ್ನೂ ಮುಗಿದಿಲ್ಲ.

ಪಾತ್ರ ರಾಣಿಯದು. ಎರಡು ತಿಂಗಳು ಮುಂಚೆಯೇ ನನಗೆ ಅಂತ ಮಾತಾಗಿತ್ತು, ಸಂಭಾಷಣೆಯೆಲ್ಲ ಬಾಯಿಗೆ ಬಂದಿತ್ತು. ಆದರೆ ಹೊಲಿಯಬೇಕಾದ ಉಡುಪು 22, ಹೊಲಿಯಲು ನಾನೊಬ್ಬಳೇ. ನಿರ್ದೇಶಕರು ಪಕ್ಕದಲ್ಲಿ ಕೂರಿಸಿಕೊಂಡು ಪ್ರೀತಿಯಿಂದ ಕೇಳಿದರು. ಗದರಿದ್ದರೆ ಜಗಳವಾಡುತ್ತಿದ್ದೆ. ಪ್ರೀತಿಯಿಂದ ಕೇಳಿದರು ಅಂತ ಹೂಂ ಅಂದುಬಿಟ್ಟೆ.

ಪಾತ್ರ ಇನ್ನೊಬ್ಬ ಹುಡುಗಿಗೆ ಹೋಯಿತು. ರಾಣಿಯ ನಿಲುವಂಗಿ ಹೊಲಿದವಳು ನಾನು. ಫಿಟಿಂಗ್ ದಿನ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ನಾನು ಕೆಳಗೆ ಮಂಡಿಯೂರಿ ಅಂಚು ಸಮ ಮಾಡುತ್ತಿದ್ದೆ. ತುಟಿ ನಡುವೆ ಏಳೆಂಟು ಗುಂಡುಪಿನ್ನು. ಅವಳು ಮೇಲೆ ನಿಂತು ಮಾತು ಒಪ್ಪಿಸುತ್ತಿದ್ದಳು. ಒಂದು ಕಡೆ ತಪ್ಪಿದಳು. ನನಗೆ ಆ ಸಾಲು ಗೊತ್ತಿತ್ತಲ್ಲ, ಹೇಳಲು ಬಾಯಿ ತೆರೆದೆ, ಪಿನ್ನು ಕೆಳತುಟಿಗೆ ಚುಚ್ಚಿತು. ಕೆನೆಬಣ್ಣದ ಬಟ್ಟೆಯ ಮೇಲೆ ಒಂದು ಹನಿ ರಕ್ತ. ಹೊಲಿಯುವವರಿಗೆ ಗೊತ್ತಿರುತ್ತದೆ, ತನ್ನ ರಕ್ತದ ಕಲೆಗೆ ತನ್ನ ಎಂಜಲೇ ಮದ್ದು. ಬಿಳಿ ದಾರವನ್ನು ಬಾಯಲ್ಲಿ ನೆನೆಸಿ, ಉಂಡೆ ಮಾಡಿ, ಕಲೆಯ ಮೇಲೆ ಒತ್ತಿ ಒತ್ತಿ ತೆಗೆದೆ. ಪೂರ್ತಿ ಹೋಯಿತು. ‘ಏನಾಯ್ತಕ್ಕ?’ ಅಂದಳು. ‘ಏನಿಲ್ಲ, ನೆಟ್ಟಗೆ ನಿಲ್ಲು’ ಅಂದೆ. ಅವಳು ತಪ್ಪಿದ ಸಾಲನ್ನು ಮಾತ್ರ ಹೇಳಿಕೊಡಲಿಲ್ಲ. ಆ ಹುಡುಗಿಯ ತಪ್ಪು ಏನೂ ಇರಲಿಲ್ಲ. ಇವತ್ತಿಗೂ ಅದು ನೆನಪಾದರೆ ನನಗೆ ನನ್ನ ಮೇಲೇ ಬೇಸರ ಆಗುತ್ತದೆ.

ಮೊದಲ ಪ್ರದರ್ಶನದ ರಾತ್ರಿ ವಿಂಗಿನಲ್ಲಿ ನಿಂತಿದ್ದೆ. ದಾರ ಪೋಣಿಸಿದ ಎರಡು ಸೂಜಿ, ಒಂದು ಕಪ್ಪು ಒಂದು ಬಿಳಿ, ಸೆರಗಿಗೆ ಚುಚ್ಚಿಕೊಂಡು. ಎರಡನೇ ಅಂಕದಲ್ಲಿ ರಾಣಿ ಒಳಗೆ ಬಂದು 40 ಸೆಕೆಂಡಿನಲ್ಲಿ ನಿಲುವಂಗಿ ಕಳಚಿ, ಹರಿದ ಬಟ್ಟೆಯಲ್ಲಿ ಹೊರಗೆ ಹೋಗಬೇಕು. ಹರಿದ ಬಟ್ಟೆಯನ್ನು ಒಳಗೇ ಉಡಿಸಿದ್ದೆ. ನಿಲುವಂಗಿಯ ಬೆನ್ನಿಗೆ 14 ಗುಂಡಿ. ಅವನ್ನು ಒಂದೊಂದಾಗಿ ಬಿಚ್ಚುತ್ತ ಕೂತರೆ ಆಗದ ಮಾತು. ಗುಂಡಿಗಳನ್ನು ಮೇಲೆ ಸುಮ್ನೆ ತೋರಿಕೆಗೆ ಹೊಲಿದು, ಕೆಳಗೆ ವೆಲ್ಕ್ರೋ ಹಾಕಿದ್ದೆ. ತಾಲೀಮಿನಲ್ಲಿ ಚೆನ್ನಾಗಿಯೇ ಇತ್ತು. ಆದರೆ ಆ ಹೊತ್ತಿಗೆ ರಂಗದ ಮೇಲೆ ಮಾತಿಲ್ಲದ ದೃಶ್ಯ. ವೆಲ್ಕ್ರೋ ಪರ್ರ್ ಎಂದು ಹರಿದ ಸದ್ದು ಮುಂದಿನ ಸಾಲಿಗೆ ಕೇಳಿಸಿ ಯಾರೋ ತಿರುಗಿ ನೋಡಿದರು. ಅವತ್ತು ರಾತ್ರಿಯೇ ಕೂತು ವೆಲ್ಕ್ರೋ ಬಿಚ್ಚಿ ಪ್ರೆಸ್ ಬಟನ್ ಹಾಕಿದೆ. ಆ ಸದ್ದು ನನ್ನನ್ನು ಎಷ್ಟು ಕಾಡಿತು ಅಂದರೆ ಪಾತ್ರ ಹೋದದ್ದು ಮರೆತೇಹೋಯಿತು. ಈಗ ಯೋಚಿಸಿದರೆ ನಾನು ಆ ಕಡೆಯಿಂದ ಈ ಕಡೆಗೆ ದಾಟಿದ್ದು ಅವತ್ತೇ.

ಯಾಕೆ ಆಗಲ್ಲ ಅನ್ನಲಿಲ್ಲ ಅಂತ ಜನ ಕೇಳುತ್ತಾರೆ. ಹೇಳುತ್ತೇನೆ ಕೇಳು. ನಟನೆಯಲ್ಲಿ ನನ್ನಷ್ಟೇ ಚೆನ್ನಾಗಿ ಮಾಡುವವರು ತಂಡದಲ್ಲಿ ಇನ್ನಿಬ್ಬರು ಇದ್ದರು. ಸೂಜಿಯಲ್ಲಿ ಯಾರೂ ಇರಲಿಲ್ಲ. ನಾನು ಹೋಗದಿದ್ದರೆ ಪರದೆ ಏಳುವುದಿಲ್ಲ ಅನ್ನುವುದು ಇದೆಯಲ್ಲ, ಅದರ ರುಚಿ ಹತ್ತಿಬಿಟ್ಟರೆ ಬಿಡಿಸಿಕೊಳ್ಳುವುದು ಕಷ್ಟ. ಎಲ್ಲರೂ ಅಕ್ಕ ಅಕ್ಕ ಅನ್ನುತ್ತಾರೆ, ತೋಳು ಎತ್ತಿ ನಿಂತು ಕಂಕುಳ ಹತ್ತಿರ ಬಿಗಿ ಅನ್ನುತ್ತಾರೆ, ಮನೆಯ ಕಷ್ಟವನ್ನೂ ಫಿಟಿಂಗಿನ ಹೊತ್ತಿಗೇ ಹೇಳಿಕೊಳ್ಳುತ್ತಾರೆ. ನಾನು ಎಲ್ಲರಿಗೂ ಬೇಕಾದವಳಾದೆ. ಪಾತ್ರ ಹಂಚುವಾಗ ಮಾತ್ರ ಯಾರಿಗೂ ನೆನಪಾಗಲಿಲ್ಲ.

ಹೊಲಿಗೆಯನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಆ ಕೆಲಸವನ್ನು ನಾನು ಪ್ರೀತಿಸಿದ್ದೇನೆ. ಒಂದು ಸಲ ಕೆಂಪು ಶಾಲು ಮಾಡಿದ್ದೆ, ಅದೇ ಆ ದೃಶ್ಯದ ಜೀವ. ನೀಲಿ ಬೆಳಕು ಬಿದ್ದ ಕೂಡಲೇ ಕೆಂಪೆಲ್ಲ ಹೋಗಿ ಕಪ್ಪು ಕಂಬಳಿ ಹಾಗೆ ಕಂಡಿತು. ಆವತ್ತಿನಿಂದ ಬಟ್ಟೆ ಕೊಳ್ಳುವ ಮುಂಚೆ ಒಂದು ಗೇಣು ತುಂಡು ತಂದು ದೀಪದ ಕೆಳಗೆ ಹಿಡಿದು ನೋಡದೆ ಕೊಳ್ಳುತ್ತಿರಲಿಲ್ಲ. ಇಂಥದ್ದನ್ನು ಕಲಿಯುವುದರಲ್ಲಿ ದೊಡ್ಡ ಸುಖ ಇದೆ. ನಿನಗೂ ಇರುತ್ತದೆ, ಇಲ್ಲದಿದ್ದರೆ 14 ವರ್ಷ ಯಾರು ಮಾಡುತ್ತಾರೆ?

ಆದರೆ ದೇಹ ಮರೆಯುತ್ತದೆ, ಅದನ್ನು ನಿನಗೆ ಹೇಳಲೇಬೇಕು. ಬಣ್ಣ ಬಿಟ್ಟು ಎರಡು ವರ್ಷ ಆಗಿತ್ತು. ಯಾರೋ ತಾಲೀಮಿಗೆ ಬರಲಿಲ್ಲ ಅಂತ ನನ್ನನ್ನು ನಿಲ್ಲಿಸಿದರು. ಮಾತೆಲ್ಲ ಬಾಯಿಪಾಠ. ಧ್ವನಿ ಮೂರನೇ ಸಾಲಿನವರೆಗೂ ಹೋಗಲಿಲ್ಲ. ಕೈ ಎಲ್ಲಿಡಬೇಕು ಗೊತ್ತಾಗಲಿಲ್ಲ, ಬಲಗೈ ತಾನಾಗಿ ಕೊರಳಿಗೆ ಹೋಗಿ ಟೇಪು ಹುಡುಕುತ್ತಿತ್ತು. ಯಾರೂ ನಗಲಿಲ್ಲ. ‘ಪರವಾಗಿಲ್ಲ ಅಕ್ಕ, ಸುಮ್ನೆ ಮಾತು ಓದಿಬಿಡಿ ಸಾಕು’ ಅಂದರು. ಆಮೇಲೆ ನಾನಾಗಿ ಯಾವತ್ತೂ ಕೇಳಲಿಲ್ಲ.

ಹೋದ ವರ್ಷ ತಂಡದ ಟ್ರಂಕುಗಳನ್ನು ಗಾಳಿಗೆ ಹಾಕಲು ತೆಗೆದೆವು. ನನ್ನ ಕೊನೆಯ ಪಾತ್ರದ ಉಡುಪು ಸಿಕ್ಕಿತು, ಬೂದು ಬಣ್ಣದ್ದು. ಕಾಲರಿನ ಒಳಗೆ ಬಿಳಿ ಟೇಪಿನ ಮೇಲೆ ಹೆಸರು ಬರೆಯುತ್ತೇವಲ್ಲ, ಅಲ್ಲಿ ಐದು ಹೆಸರಿತ್ತು. ಒಂದರ ಕೆಳಗೆ ಒಂದು, ನಾಲ್ಕು ಹೊಡೆದುಹಾಕಿದ್ದು. ಮೊದಲನೆಯದು ನನ್ನದು. ಹೊಡೆದುಹಾಕಿದ ಗೆರೆಯೂ ನನ್ನದೇ ಕೈಯದು, ಮುಂದಿನವರಿಗೆ ಸರಿಮಾಡಿ ಕೊಟ್ಟವಳು ನಾನೇ ತಾನೆ? ಒಳಗೆ ತಿರುಗಿಸಿ ನೋಡಿದೆ. ಎರಡೂ ಬದಿ ಎರಡೆರಡು ಇಂಚು ಮಾರ್ಜಿನ್. ರಂಗದ ಬಟ್ಟೆಗೆ ಹಾಗೇ ಬಿಡಬೇಕು, ನಾಳೆ ಇನ್ನೊಂದು ಮೈಗೆ ಆಗಬೇಕಲ್ಲ. ನನ್ನ ಪಾತ್ರದ ಉಡುಪನ್ನು ಹೊಲಿಯುವಾಗಲೇ ಮುಂದೆ ಬರುವವರಿಗೆ ನಾನು ಜಾಗ ಬಿಟ್ಟುಕೊಟ್ಟಿದ್ದೆ. ಅವತ್ತು ಟ್ರಂಕಿನ ಪಕ್ಕ ಕೂತು ಅತ್ತೆ, 27 ವರ್ಷಕ್ಕೆ ಮೊದಲ ಸಲ.

ನಿನಗೆ ಬುದ್ಧಿ ಹೇಳುವಷ್ಟು ಜಾಣೆ ನಾನಲ್ಲ. ಈ ಒಂದು ನಾಟಕ ಬಿಡಬೇಡ. ಸಣ್ಣ ಪಾತ್ರವಾದರೂ ಸರಿ, ಹತ್ತು ಮಾತಿದ್ದರೂ ಸರಿ, ರಂಗದ ಮೇಲೆ ಇರು. ಉಡುಪು ಕಮ್ಮಿ ಆದರೆ ಆಗಲಿ. ಅಂಚು ಕೈಹೊಲಿಗೆ ಆಗದೆ ಪಿನ್ನಿನಲ್ಲಿ ನಿಂತರೆ ನಿಲ್ಲಲಿ, ಹತ್ತನೇ ಸಾಲಿಗೆ ಅದು ಕಾಣುವುದಿಲ್ಲ.

ಹೆಸರು ಬೇಡ ಎಂದವರು

*

ಈ ಪತ್ರಕ್ಕೆ ನಾವು ಏನೂ ಸೇರಿಸುವುದಿಲ್ಲ.

ಮಗನ ನಿದ್ದೆಯ ಮಾತು ಒಂದೇ ಸಾಲಿನದು. ಅದಕ್ಕೇ ಉತ್ತರ ಬರೆದವರೂ ಇದ್ದಾರೆ.

*

ಅಮ್ಮಾ, ನಾನು ಅಂಥ ಮಗ. ನಮ್ಮಮ್ಮನೂ ನಾಟಕದಲ್ಲಿದ್ದರು, ಅವರೂ ಮನೆಯಲ್ಲೇ ಹೊಲಿಯುತ್ತಿದ್ದರು. ಕಾಲಲ್ಲಿ ತುಳಿಯುವ ಮಷೀನು. ತುಳಿಯುತ್ತಲೇ ತಮ್ಮ ಮಾತು ಹೇಳಿಕೊಳ್ಳುತ್ತಿದ್ದರು, ಮಾತು ನಿಂತ ಕಡೆ ಮಷೀನೂ ನಿಲ್ಲುತ್ತಿತ್ತು. ಉದ್ದ ಮಾತಿಗೆ ಉದ್ದ ಹೊಲಿಗೆ. ನಾನು ಹಾಸಿಗೆಯಲ್ಲಿ ಮಲಗಿ ಅರ್ಧ ನಾಟಕ ಬಾಯಿಪಾಠ ಮಾಡಿದ್ದೇನೆ. ಸದ್ದಿನಿಂದ ನನಗೆ ಯಾವತ್ತೂ ತೊಂದರೆ ಆಗಲಿಲ್ಲ. ‘ಬಂದೆ ಕಣೋ, ಇದೊಂದು ಅಂಚು ಮುಗಿಸಿ ಬಂದೆ’ ಅಂತ ಹೇಳಿ ಬರದೇ ಇರುತ್ತಿದ್ದರಲ್ಲ, ಅದು ನೋವಾಗುತ್ತಿತ್ತು. ಮಗನಿಗೆ ಬರುತ್ತೇನೆ ಅಂದ ದಿನ ಬಂದುಬಿಡಿ. ಬರಲು ಆಗದ ದಿನ ಆಗಲ್ಲ ಅಂತಲೇ ಹೇಳಿ, ಮಕ್ಕಳಿಗೆ ಅದು ಅರ್ಥವಾಗುತ್ತದೆ. ಮತ್ತೆ ಮಷೀನಿನ ಕಾಲುಗಳ ಕೆಳಗೆ ದಪ್ಪ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿ, ಗೋಡೆಯಿಂದ ಒಂದು ಅಡಿ ಈಚೆಗೆ ಎಳೆಯಿರಿ. ಸದ್ದು ಎಷ್ಟೋ ಕಮ್ಮಿ ಆಗುತ್ತದೆ.

ನಟಿಯೊಬ್ಬರ ಮಗ

*

ಅಕ್ಕಾ, ನಿಮ್ಮ ನಿರ್ದೇಶಕರು ಹೇಳಿದ ‘ಯಾರು ಬೇಕಾದರೂ’ ಇದ್ದಾರಲ್ಲ, ನಾನು ಅವರಲ್ಲಿ ಒಬ್ಬಳು. ನನಗೆ 23. ಹೋದ ವರ್ಷ ನನಗೆ ಮೊದಲ ದೊಡ್ಡ ಪಾತ್ರ ಸಿಕ್ಕಿತು. ಎಷ್ಟು ಖುಷಿಯಾಗಿತ್ತು ಅಂದರೆ ಅದು ಮುಂಚೆ ಯಾರಿಗೆ ಅಂತ ಇತ್ತು ಎಂದು ಕೇಳಲೂ ಇಲ್ಲ. ನಿಮ್ಮ ಪತ್ರ ಓದಿದ ಮೇಲೆ ನಮ್ಮ ತಂಡದ ಉಡುಪಿನ ಅಕ್ಕನ ಹತ್ತಿರ ಹೋಗಿ ಕೇಳಿದೆ. ಅವರು ಇಸ್ತ್ರಿಪೆಟ್ಟಿಗೆಯಿಂದ ಕಣ್ಣು ಎತ್ತದೆ ‘ನನಗೇ ಅಂತ ಇತ್ತು’ ಅಂದರು. ಮುಂದೆ ಏನೂ ಹೇಳಲಿಲ್ಲ, ನನಗೂ ಏನು ಹೇಳಬೇಕು ತಿಳಿಯಲಿಲ್ಲ.

ನಾವು ನಟರು ಎಷ್ಟು ಕೆಟ್ಟದಾಗಿ ಇರುತ್ತೇವೆ ಅಂತ ಈಗ ಕಾಣುತ್ತಿದೆ. ಪ್ರದರ್ಶನ ಮುಗಿದ ಮೇಲೆ ಬೆವರಿದ ಬಟ್ಟೆಯನ್ನು ಕುರ್ಚಿ ಮೇಲೆ ಎಸೆದು ಹೋಗುತ್ತೇವೆ. ಅದು ಮಾರನೇ ದಿನ ಹ್ಯಾಂಗರಿನಲ್ಲಿ ಒಣಗಿ, ಗುಂಡಿ ಹಾಕಿಸಿಕೊಂಡು ಸಿದ್ಧವಾಗಿರುತ್ತದೆ, ತಾನಾಗಿ ಆದ ಹಾಗೆ. ಈಗ ನಾವು ಐದು ಜನ ಮಾತಾಡಿಕೊಂಡಿದ್ದೇವೆ. ಉಡುಪಿನ ಒಳಗೆ ಹಾಕುವ ಕಾಟನ್ ಬನಿಯನ್ನು ನಮ್ಮದು ನಾವೇ ಒಗೆಯಬೇಕು. ಕಿತ್ತ ಗುಂಡಿ ನಾವೇ ಹಾಕಿಕೊಳ್ಳಬೇಕು, ಬರದಿದ್ದವರು ಕಲಿಯಬೇಕು. ನಾನು ಹೆಮ್ಮಿಂಗ್ ಕಲಿತೆ. ಎರಡು ಮೊಳ ಅಂಚಿಗೆ ಒಂದು ಗಂಟೆ ಹಿಡಿಯಿತು, ಅಕ್ಕ ನೋಡಿ ಅರ್ಧ ಬಿಚ್ಚಿಸಿದರು. ನಿಮ್ಮ ತಂಡದ ಹುಡುಗರನ್ನೂ ಕೇಳಿ ಅಕ್ಕ. ಕೇಳದೆ ನಮಗೆ ತಿಳಿಯುವುದಿಲ್ಲ, ನಿಜವಾಗಿಯೂ.

ಒಬ್ಬ ನಟಿ

*

ಹೊಲಿದವರ ಹೆಸರಿನ ಮಾತನ್ನು ನಮ್ಮ ಹಿರಿಯ ಓದುಗರೊಬ್ಬರು ಬೇರೆ ದಾರಿಯಿಂದ ಎತ್ತಿದ್ದಾರೆ. ಅವರು ಕೊಟ್ಟ ಉತ್ತರ ಕೇಳಿದ ಪ್ರಶ್ನೆಗಲ್ಲ. ಆದರೂ ಬಿಡಲು ಮನಸ್ಸಾಗಲಿಲ್ಲ.

*

1888ರ ಕೊನೆಯಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ನಟಿ ಎಲೆನ್ ಟೆರಿ ಶೇಕ್ಸ್‌ಪಿಯರನ ಲೇಡಿ ಮ್ಯಾಕ್‌ಬೆತ್ ಆದರು. ಅವರು ಉಟ್ಟದ್ದು ಹಸಿರು ಉಡುಪು, ಅದರ ತುಂಬ ಜೀರುಂಡೆಯ ಹೊಳೆಯುವ ರೆಕ್ಕೆಚಿಪ್ಪುಗಳು, ಸುಮಾರು ಸಾವಿರ. ಒಂದೊಂದನ್ನೂ ಕೈಯಲ್ಲಿ ಹೊಲಿದದ್ದು. ಮರುವರ್ಷ ಚಿತ್ರಕಾರ ಸಾರ್ಜೆಂಟ್ ಅದೇ ಉಡುಪಿನಲ್ಲಿ ಅವರ ದೊಡ್ಡ ಚಿತ್ರ ಬರೆದರು. ನಟಿಯ ಹೆಸರು ಗೊತ್ತು, ಚಿತ್ರಕಾರನ ಹೆಸರು ಗೊತ್ತು. ವಿನ್ಯಾಸ ಮಾಡಿದ ಆಲಿಸ್ ಕಾಮಿನ್ಸ್ ಕಾರ್, ಹೊಲಿದ ಏಡಾ ನೆಟಲ್‌ಶಿಪ್ ಎಷ್ಟು ಜನಕ್ಕೆ ಗೊತ್ತು? ಆ ಉಡುಪು ಈಗಲೂ ಇದೆ. ಹರಿದು ಹೋಗಿದ್ದನ್ನು ಸರಿಮಾಡಿ 2011ರಲ್ಲಿ ಮತ್ತೆ ನೋಡಲು ಇಟ್ಟರು, ಆ ದುರಸ್ತಿಗೇ 1300 ಗಂಟೆ ಹಿಡಿಯಿತಂತೆ.

ಇದನ್ನು ಬರೆದದ್ದು ಇನ್ನೊಂದು ಕಾರಣಕ್ಕೆ. ಎಲೆನ್ ಟೆರಿಯ ಮಗಳು ಎಡಿತ್ ಕ್ರೇಗ್ (1869–1947) ನಿಮ್ಮ ಹಾಗೆಯೇ ಎರಡೂ ಮಾಡಿದವರು. ನಟಿಸಿದರು, ರಂಗದ ಉಡುಪು ಮಾಡುವುದನ್ನೇ ಉದ್ಯೋಗವಾಗಿಯೂ ನಡೆಸಿದರು. ಅಲ್ಲಿಗೆ ನಿಲ್ಲದೆ ನಿರ್ದೇಶಕಿಯಾದರು, 1911ರಲ್ಲಿ ಪಯೋನಿಯರ್ ಪ್ಲೇಯರ್ಸ್ ಎಂಬ ತಂಡ ಕಟ್ಟಿದರು. ದೂರ ಯಾಕೆ, ನಮ್ಮ ಪ್ರೇಮಾ ಕಾರಂತರು ವೇಷಭೂಷಣಕ್ಕೂ ಹೆಸರಾದವರು, ನಿರ್ದೇಶನಕ್ಕೂ ಹೆಸರಾದವರು. ಯೋಚನೆ ಮಾಡಿ ನೋಡಿ. ಒಂದು ನಾಟಕದ ಪ್ರತಿ ಪಾತ್ರದ ಮೈ ಅಳತೆ, ನಡಿಗೆ, ಯಾರು ಯಾವಾಗ ಒಳಗೆ ಯಾವಾಗ ಹೊರಗೆ, ಯಾವ ಬೆಳಕಿನಲ್ಲಿ ಯಾವ ಬಣ್ಣ, ಇಷ್ಟೂ ತಲೆಯಲ್ಲಿ ಇಟ್ಟುಕೊಂಡಿರುವವರು ತಂಡದಲ್ಲಿ ನೀವಲ್ಲದೆ ಇನ್ಯಾರು? ಸೂಜಿಯೋ ಬಣ್ಣವೋ ಅಂತ ಕೇಳಿದ್ದೀರಿ. ನೀವೇ ಒಂದು ನಾಟಕ ನಿರ್ದೇಶಿಸಿ ಅನ್ನುತ್ತೇನೆ ನಾನು.

ನಿವೃತ್ತ ಅಧ್ಯಾಪಕ

*

ನಿರ್ದೇಶಕರ ಪರವಾಗಿ ಬಂದ ಪತ್ರ ಒಂದೇ. ಅವರ ಕಡೆಯ ಮಾತೂ ಬರಬೇಕಾದ್ದೇ.

*

ನಾನು ಒಂದು ಸಣ್ಣ ತಂಡ ನಡೆಸುತ್ತೇನೆ. ಆ ಮಾತು ನಾನೂ ಆಡಿದ್ದೇನೆ, ಹೆಚ್ಚುಕಮ್ಮಿ ಅದೇ ಶಬ್ದಗಳಲ್ಲಿ. ಸಭಾಂಗಣದ ಬಾಡಿಗೆ, ಬೆಳಕಿನ ಬಾಡಿಗೆ, ಸಾಮಾನು ಸಾಗಿಸುವ ಗಾಡಿ, ಇವು ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎಷ್ಟೋ ಸಲ ನನ್ನ ಜೇಬಿನಿಂದ ಹಾಕಿದ್ದೇನೆ. ಹಣ ಇಟ್ಟುಕೊಂಡು ಕೊಡದೇ ಇರುವವರು ನಮ್ಮಂಥವರಲ್ಲಿ ಕಮ್ಮಿ, ಇದನ್ನು ನಂಬಿ.

ಆದರೆ ‘ಪಾತ್ರ ಯಾರು ಬೇಕಾದರೂ ಮಾಡುತ್ತಾರೆ’ ಅನ್ನುವುದು ಸುಳ್ಳು. ಹೇಳುವಾಗಲೇ ನನಗೆ ಗೊತ್ತಿತ್ತು. ಹೊಲಿಯುವವರು ಇನ್ನೊಬ್ಬರು ಸಿಗಲಿಲ್ಲ, ಅದಕ್ಕೆ ಹೇಳಿದೆ. ಅವರು ಒಪ್ಪಿಕೊಂಡರು. ಒಪ್ಪಿಕೊಂಡರಲ್ಲ ಅಂತ ನಾನೂ ನಿಶ್ಚಿಂತೆಯಿಂದ ಇದ್ದೆ. ಆರು ತಿಂಗಳ ಮೇಲೆ ತಂಡ ಬಿಟ್ಟು ಹೋದರು. ಕಾರಣ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ಅವರಿಲ್ಲದೆ ಮಾಡಿದ ನಾಟಕದಲ್ಲಿ ಎಲ್ಲರಿಗೂ ಒಂದೇ ಕಪ್ಪು ಅಂಗಿ, ಪಾತ್ರಕ್ಕೊಂದು ಶಾಲು, ಒಂದು ಪೇಟ, ಒಂದು ಕೋಲು, ಅಷ್ಟರಲ್ಲೇ ಮುಗಿಸಿದೆವು. ನಾಟಕ ಚೆನ್ನಾಗಿಯೇ ನಡೆಯಿತು. ಅವರು ಇದ್ದಾಗಲೇ ಹೀಗೆ ಯೋಚಿಸಿದ್ದರೆ ಅವರು ಅದೇ ಕಪ್ಪು ಅಂಗಿಯಲ್ಲಿ ರಂಗದ ಮೇಲೆ ಇರುತ್ತಿದ್ದರು. ನಿಮ್ಮ ನಿರ್ದೇಶಕರಿಗೆ ನೀವೇ ಹೇಳಬಹುದು, ಇಷ್ಟು ಉಡುಪು ಬೇಕಾ ಅಂತ. ಅವರಿಗೆ ಹೊಳೆದಿರುವುದಿಲ್ಲ. ನನಗೂ ಹೊಳೆದಿರಲಿಲ್ಲ.

ತಂಡ ನಡೆಸುವವನು

*

ಈ ಪತ್ರ ಬರೆಯಲು ಅವರಿಗೆ ಸುಲಭವಾಗಿರಲಿಲ್ಲ ಎಂದು ನಮಗನ್ನಿಸುತ್ತದೆ. ಹಣದ ಬಗ್ಗೆ ಇನ್ನೊಬ್ಬರು ಬರೆದ ಪತ್ರದಿಂದ ಒಂದು ಸಾಲು ಮಾತ್ರ ಇಲ್ಲಿ: ‘ಹಣವಿಲ್ಲದ ತಂಡವೂ ಬೆಳಕಿನ ಬಾಡಿಗೆ ಕೊಟ್ಟೇ ಕೊಡುತ್ತದೆ, ಯಾಕೆಂದರೆ ದೀಪದವನು ಕೇಳುತ್ತಾನೆ.’

ಉಳಿದವು ಎರಡು ಚಿಕ್ಕ ಪತ್ರ.

*

ತಂಗಿ, ಉಳಿದದ್ದು ಹೇಗಾದರೂ ಆಗಲಿ, ರಾತ್ರಿ ಹೊತ್ತು ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಹೊಲಿಯಬೇಡ. ಕಪ್ಪೆಲ್ಲ ಹಗಲಿಗೆ ಇಟ್ಟುಕೋ. ದೀಪ ಎಡಗಡೆಯಿಂದ ಬೀಳಲಿ, ನೀನು ಎಡಗೈಯವಳಾದರೆ ಬಲಗಡೆಯಿಂದ. ಅರ್ಧ ಗಂಟೆಗೊಮ್ಮೆ ಎದ್ದು ದೂರ ನೋಡು, ಕತ್ತು ತಿರುಗಿಸು. ನಾನು 40 ವರ್ಷ ಹೊಲಿದವಳು, ಈಗ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತೇನೆ.

ಹೊಲಿಗೆಯ ಅಜ್ಜಿ

*

ಮೇಡಂ, ದೊಡ್ಡ ಪ್ರಶ್ನೆಗೆ ಉತ್ತರ ಹೇಳುವಷ್ಟು ನಾನು ತಿಳಿದವನಲ್ಲ. ನಾಟಕದ ಬಟ್ಟೆ ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ. ಆ ಮಖಮಲ್ ಕೋಟಿನ ಮಾತು ಬಂತಲ್ಲ, ಅದಕ್ಕೆ ಮಾತ್ರ ಬರೆಯುತ್ತಿದ್ದೇನೆ, ಯಾಕೆಂದರೆ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ.

ಅದನ್ನು ನೀರಿಗೆ ಹಾಕಬೇಡಿ, ಮಖಮಲ್ಲಿನ ನವಿರು ಒತ್ತಿಹೋಗುತ್ತದೆ. ಸೆಂಟನ್ನೂ ಹೊಡೆಯಬೇಡಿ, ಬೆವರಿನ ಜೊತೆ ಸೇರಿ ಇನ್ನೂ ಕೆಟ್ಟದಾಗುತ್ತದೆ. ಬಣ್ಣ ವಾಸನೆ ಇಲ್ಲದ ವೋಡ್ಕಾಗೆ ಅಷ್ಟೇ ನೀರು ಬೆರೆಸಿ, ಸಣ್ಣಗೆ ಹನಿಸುವ ಸ್ಪ್ರೇ ಬಾಟಲಿಗೆ ತುಂಬಿ. ರಂಗದ ಬಟ್ಟೆ ನೋಡಿಕೊಳ್ಳುವವರು ತುಂಬ ಕಡೆ ಇದನ್ನೇ ಮಾಡುತ್ತಾರೆ. ಮೊದಲು ಒಳಗಿನ ಮಡಿಕೆಯಲ್ಲಿ ಒಂದು ಕಡೆ ಹೊಡೆದು, ಬಣ್ಣ ಬಿಡುವುದಿಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಕೋಟನ್ನು ಒಳಮೈ ಹೊರಗೆ ತಿರುಗಿಸಿ, ಕಂಕುಳು, ಕತ್ತಿನ ಪಟ್ಟಿ, ಬೆನ್ನಿನ ಅಸ್ತರು, ಈ ಮೂರು ಕಡೆ ಒದ್ದೆಯಾಗುವಷ್ಟು ಹೊಡೆಯಿರಿ. ಹತ್ತಿರ ಬೆಂಕಿ, ಬಿಸಿ ಇಸ್ತ್ರಿಪೆಟ್ಟಿಗೆ ಇರಬಾರದು. ಅಗಲ ಹ್ಯಾಂಗರಿಗೆ ಹಾಕಿ ಗಾಳಿ ಆಡುವ ಕಡೆ ನೇತುಹಾಕಿ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ. ಕಂಕುಳಿಗೆ ಒಂದು ತುಂಡು ಹತ್ತಿ ಬಟ್ಟೆಯನ್ನು ಕಚ್ಚಾ ಹೊಲಿಗೆಯಲ್ಲಿ ಹಾಕಿಕೊಡಿ. ಅದನ್ನು ಪ್ರತಿ ಸಲ ಬಿಚ್ಚಿ ಒಗೆದರೆ ಬೆವರು ಮಖಮಲ್ಲಿನವರೆಗೆ ಹೋಗುವುದೇ ಇಲ್ಲ.

ಇದನ್ನು ಪ್ರದರ್ಶನ ಮುಗಿದ ಕೂಡಲೇ ಮಾಡಬೇಕು. ಬೆಳಿಗ್ಗೆ ಮಾಡೋಣ ಅಂತ ಬಿಟ್ಟರೆ ಬೆವರು ಒಣಗಿ ಕೂತುಬಿಡುತ್ತದೆ. ಆ ಹೊತ್ತಿಗೆ ನೀವು ರಂಗದ ಮೇಲೆ ನಮಸ್ಕಾರ ಮಾಡುತ್ತಿದ್ದರೆ ಕೋಟು ಹಾಕಿದವನಿಗೇ ಕೊಡಿ ಬಾಟಲಿ.

ಬಟ್ಟೆ ನೋಡಿಕೊಳ್ಳುತ್ತಿದ್ದವನು